ಪುಂಡಿಯ ನಾರೂ ಮೋಟಾರು ಕಾರಿನ ಒಳಮೈಯೂ

ಮೋಟಾರು ಕಾರನ್ನು ಉಕ್ಕಿನ ವಾಹನವೆಂದು ಕರೆಯುವುದು ವಾಡಿಕೆ. ಆದರೆ ಅದರೊಳಗೆ ಕುಳಿತ ಪ್ರಯಾಣಿಕನ ಕಣ್ಣಿಗೆ ಬೀಳುವುದಾಗಲಿ, ಕೈಗೆ ತಾಕುವುದಾಗಲಿ ಉಕ್ಕಲ್ಲ. ಚಾಲಕನ ಮುಂದಿರುವ ಡ್ಯಾಶ್‌ಬೋರ್ಡು, ಬಾಗಿಲಿನ ಒಳಫಲಕ, ಗಾಜುಗಳ ನಡುವಣ ಕಂಬಗಳ ಹೊದಿಕೆ, ತಲೆಯ ಮೇಲಿನ ಚಾವಣಿಯ ಒಳಪದರು, ಗೇರಿನ ಕೋಲನ್ನು ಸುತ್ತುವರಿದ ಪೆಟ್ಟಿಗೆ, ಇವೆಲ್ಲವೂ ಅಚ್ಚಿನಲ್ಲಿ ರೂಪುಗೊಂಡ ಪ್ಲಾಸ್ಟಿಕ್ಕಿನ ಅಥವಾ ನಾರಿನ ಅಂಗಗಳು. ಕಾರ್ಖಾನೆಯವರು ಇವನ್ನು ‘ಇಂಟೀರಿಯರ್ ಟ್ರಿಮ್’ ಎನ್ನುತ್ತಾರೆ. ನಾವು ಒಳಹೊದಿಕೆ ಎನ್ನಬಹುದು. ಇವು ಕೇವಲ ಅಲಂಕಾರಕ್ಕಾಗಿ ಇರತಕ್ಕವಲ್ಲ. ತಂತಿಗಳನ್ನೂ ಬೆಸುಗೆಯ ಗುರುತುಗಳನ್ನೂ ಮರೆಮಾಡುವುದು, ಸದ್ದನ್ನು ಹೀರುವುದು, ಅಪಘಾತದ ಗಳಿಗೆಯಲ್ಲಿ ತಲೆಗೂ ಮೊಣಕಾಲಿಗೂ ತಗಲುವ ಪೆಟ್ಟನ್ನು ತಗ್ಗಿಸುವುದು ಅವುಗಳ ಕರ್ತವ್ಯ.

ಯಾದಗಿರಿ, ಶಹಾಪುರ, ಸುರಪುರಗಳ ವಾಚಕರಿಗೆ ಈ ವಿಷಯದಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಬಹುದು. ನಮ್ಮಲ್ಲಿ ಕಾರಿನ ಕಾರ್ಖಾನೆ ಇಲ್ಲ. ಆದರೆ ನಮ್ಮ ಹೊಲಗಳಲ್ಲಿ ತಲೆಮಾರುಗಳಿಂದ ಬೆಳೆದುಬಂದಿರುವ ಪುಂಡಿಯು ಪರದೇಶದ ಕೆಲವು ಕಾರುಗಳ ಬಾಗಿಲಿನೊಳಗೆ ಆಗಲೇ ಹೋಗಿ ಕುಳಿತಿದೆ. ಅದು ಹೇಗೆ ಸಾಧ್ಯವಾಯಿತು, ನಮ್ಮ ಪುಂಡಿಗೂ ಆ ಬಾಗಿಲಿಗೂ ನಡುವೆ ಇರುವ ಅಂತರವೆಷ್ಟು ಎಂಬುದನ್ನು ತಿಳಿಯಬೇಕಾದರೆ ಮೊದಲು ಅಚ್ಚಿನ ವಿದ್ಯೆಯನ್ನು ಸ್ವಲ್ಪ ಅರಿಯಬೇಕು.

ಅಚ್ಚು ನಮಗೆ ಹೊಸದಲ್ಲ. ಗೌರಿ ಹುಣ್ಣಿಮೆಯ ಹೊತ್ತಿಗೆ ಸಕ್ಕರೆ ಆರತಿಯ ಗೊಂಬೆಗಳನ್ನು ಮಾಡುವವರು ಎರಡು ಹೋಳಿನ ಮರದ ಅಚ್ಚನ್ನು ಬಿಗಿದು ಕಟ್ಟಿ, ಕಾಯ್ದ ಪಾಕವನ್ನು ಹೊಯ್ದು, ಆರಿದ ಮೇಲೆ ಬಿಚ್ಚಿ ಗೊಂಬೆಯನ್ನು ಹೊರತೆಗೆಯುತ್ತಾರೆ. ಕಾರಿನ ಒಳಹೊದಿಕೆಯ ತತ್ತ್ವವೂ ಇದೇ. ಪಾಕದ ಬದಲು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕು. ಮರದ ಬದಲು ಉಕ್ಕಿನ ಅಚ್ಚು. ಕಟ್ಟುವ ಹಗ್ಗದ ಬದಲು ಯಂತ್ರದ ಬಲ. ಕಾಳಿನಂತಹ ಪ್ಲಾಸ್ಟಿಕ್ ಗುಳಿಗೆಗಳು ಬಿಸಿ ಕೊಳವೆಯೊಳಗೆ ತಿರುಗುವ ತಿರುಪಿನಿಂದ ತಳ್ಳಲ್ಪಟ್ಟು, 200ರಿಂದ 250 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿ, ಅತಿಯಾದ ಒತ್ತಡದಿಂದ ಅಚ್ಚಿನೊಳಗೆ ನುಗ್ಗುತ್ತವೆ. ಆ ಒತ್ತಡಕ್ಕೆ ಅಚ್ಚು ಬಾಯಿಬಿಡದಂತೆ ಹಿಡಿದಿಡಲು ಡ್ಯಾಶ್‌ಬೋರ್ಡಿನಂತಹ ದೊಡ್ಡ ಅಂಗಕ್ಕೆ 2000 ಟನ್ನಿನ ಆಸುಪಾಸಿನ ಬಲ ಬೇಕಾಗುತ್ತದೆ. ಅಚ್ಚಿನ ಮೈಯೊಳಗೆ ಕೊರೆದ ಕಾಲುವೆಗಳಲ್ಲಿ ತಣ್ಣೀರು ಹರಿಯುತ್ತಿರುತ್ತದೆ. ಸುಮಾರು ಒಂದು ನಿಮಿಷದಲ್ಲಿ ಅಂಗ ಸಿದ್ಧ. ಆ ನಿಮಿಷದ ಹೆಚ್ಚಿನ ಪಾಲು ಆರುವುದಕ್ಕೇ ಹೋಗುತ್ತದೆ.

ಇಷ್ಟು ಹೇಳಿದರೆ ಕೆಲಸ ಸುಲಭವೆನಿಸೀತು. ನಿಜವಾದ ವಿದ್ಯೆ ಇರುವುದು ಅಚ್ಚಿನ ಉಕ್ಕನ್ನು ಕೊರೆಯುವುದಕ್ಕೆ ಮುಂಚೆ, ವಿನ್ಯಾಸಕಾರನ ಮೇಜಿನ ಮೇಲೆ. ಪ್ಲಾಸ್ಟಿಕ್ಕು ಆರುವಾಗ ಕುಗ್ಗುತ್ತದೆ. ಬಳಪದ ಕಲ್ಲಿನ ಪುಡಿ ಬೆರೆತ ಪಾಲಿಪ್ರೊಪಿಲೀನ್ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುವುದರಿಂದ, ಒಂದು ಮೀಟರಿನ ಅಂಗ ಬೇಕಾದರೆ ಅಚ್ಚು 10 ಮಿಲಿಮೀಟರು ಹೆಚ್ಚಿರಬೇಕು. ಎಲ್ಲ ಕಡೆಯೂ ಸಮನಾಗಿ ಕುಗ್ಗಿದರೆ ತೊಂದರೆಯಿಲ್ಲ. ದಪ್ಪವಾದ ಕಡೆ ನಿಧಾನವಾಗಿಯೂ ತೆಳುವಾದ ಕಡೆ ಬೇಗನೆಯೂ ಆರುವುದರಿಂದ ಅಂಗವು ಹಪ್ಪಳದಂತೆ ಸೊಟ್ಟಗಾಗುತ್ತದೆ. ಆದಕಾರಣ ಫಲಕದ ದಪ್ಪವನ್ನು ಎಲ್ಲೆಡೆಯೂ ಒಂದೇ ಆಗಿ, ಎರಡು ಮೂರು ಮಿಲಿಮೀಟರಿನೊಳಗೆ ಇಡುತ್ತಾರೆ. ಬಲಕ್ಕಾಗಿ ಹಿಂಬದಿಯಲ್ಲಿ ಕೊಡುವ ಏಣುಗಳು ಫಲಕದ ಅರ್ಧದಷ್ಟು ಮಾತ್ರ ದಪ್ಪವಿರಬೇಕು. ಮೀರಿದರೆ ಮುಂಬದಿಯ ನಯವಾದ ಮೈಯಲ್ಲಿ ಕುಳಿಯ ಗೆರೆ ಕಾಣಿಸುತ್ತದೆ. ಹಿಂದೆ ಮಾಡಿದ ತಪ್ಪು ಮುಂದೆ ಗೋಚರಿಸುವ ವಸ್ತು ಇದು.

ಅಚ್ಚಿನಿಂದ ಅಂಗವು ಹೊರಬರಬೇಕಲ್ಲವೆ? ಒಂದರೊಳಗೊಂದು ಕುಳಿತ ಸ್ಟೀಲಿನ ಲೋಟಗಳು ಸುಲಭವಾಗಿ ಬಿಡಿಸಿಕೊಳ್ಳುವುದು ಅವುಗಳ ಗೋಡೆ ಸ್ವಲ್ಪ ಓರೆಯಾಗಿರುವುದರಿಂದ. ಅದೇ ಓರೆ ಇಲ್ಲಿಯೂ ಬೇಕು. ನುಣುಪಾದ ಮೈಗೆ ಒಂದು ಡಿಗ್ರಿ ಸಾಕು. ಆದರೆ ಕಾರಿನ ಫಲಕಗಳ ಮೇಲೆ ತೊಗಲಿನ ಹಾಗೆ ಕಾಣುವ ನೆರಿಗೆ ಇರುತ್ತದೆ. ಉಕ್ಕಿನ ಮೇಲೆ ಆಮ್ಲದಿಂದ ಆ ನೆರಿಗೆಯನ್ನು ಕೊರೆಸಿರುತ್ತಾರೆ. ನೆರಿಗೆಯ ಆಳ 0.025 ಮಿಲಿಮೀಟರು ಹೆಚ್ಚಿದಂತೆಲ್ಲ ಓರೆಯನ್ನು ಇನ್ನೊಂದು ಡಿಗ್ರಿ ಹೆಚ್ಚಿಸಬೇಕೆಂಬುದು ಕಸುಬಿನವರ ಸೂತ್ರ. ಮರೆತರೆ ಬಿಡಿಸುವಾಗ ಮೈ ಗೀರಿಹೋಗುತ್ತದೆ. ದೊಡ್ಡ ಅಚ್ಚೊಂದರ ಬೆಲೆ ಕೋಟಿ ರೂಪಾಯಿಯ ಲೆಕ್ಕಕ್ಕೆ ಹೋಗುವುದರಿಂದ ಅನುಭವಿಗಳು ಅನುಮಾನವಿದ್ದ ಕಡೆ ಉಕ್ಕನ್ನು ಸ್ವಲ್ಪ ಉಳಿಸಿಯೇ ಕೊರೆಯುತ್ತಾರೆ. ಉಳಿದ ಉಕ್ಕನ್ನು ತೆಗೆಯಬಹುದು, ತೆಗೆದ ಉಕ್ಕನ್ನು ತುಂಬುವುದು ಕಷ್ಟ.

ನಮ್ಮ ಬಿಸಿಲೂ ಈ ಲೆಕ್ಕದಲ್ಲಿ ಸೇರಿದೆ. ಮೇ ತಿಂಗಳ ಮಧ್ಯಾಹ್ನ ಯಾದಗಿರಿಯ ರೈಲು ನಿಲ್ದಾಣದ ಮುಂದೆ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು 80 ಡಿಗ್ರಿಯ ಸಮೀಪಕ್ಕೆ ಕಾಯಬಲ್ಲದು. ಮುಂಜಾವಿನ ತಂಪಿಗಿಂತ 50 ಡಿಗ್ರಿ ಹೆಚ್ಚೆಂದು ಹಿಡಿದರೆ, 1.4 ಮೀಟರು ಉದ್ದದ ಡ್ಯಾಶ್‌ಬೋರ್ಡು ಸುಮಾರು 5 ಮಿಲಿಮೀಟರು ಹಿಗ್ಗುತ್ತದೆ. ಅದನ್ನು ಹಿಡಿದಿರುವ ಉಕ್ಕು ಅಷ್ಟು ಹಿಗ್ಗುವುದಿಲ್ಲ. ಎರಡೂ ತುದಿಗಳನ್ನು ಬಿಗಿದರೆ ನಡುವೆ ಉಬ್ಬುವುದು ಖಂಡಿತ. ಆದ್ದರಿಂದ ಮಧ್ಯದಲ್ಲಿ ಒಂದೆಡೆ ಭದ್ರಪಡಿಸಿ, ತುದಿಗಳಲ್ಲಿ ಉದ್ದನೆಯ ತೂತುಗಳನ್ನಿಟ್ಟು ಸರಿದಾಡಲು ಬಿಡುತ್ತಾರೆ. ಹಳೆಯ ಕಾರು ಕಿರುಗುಟ್ಟುತ್ತದೆಂದು ದೂರುವವರು ರಸ್ತೆಯನ್ನು ಬೈಯುತ್ತಾರೆ; ಅನೇಕ ವೇಳೆ ಆ ಸದ್ದು ಬಿಸಿಲಿಗೆ ಹಿಗ್ಗಿ ಕುಗ್ಗಿ ಸಡಿಲಗೊಂಡ ಹಿಡಿಕೆಗಳದು. ರಸ್ತೆಯ ಪಾಲೂ ಇಲ್ಲವೆಂದಲ್ಲ.

ಈಗ ಪುಂಡಿಯ ಮಾತು. ಪುಂಡಿಯನ್ನು ನಮ್ಮವರಿಗೆ ಪರಿಚಯಿಸಹೊರಟರೆ ಹಾಸ್ಯಾಸ್ಪದವಾದೀತು. ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಯ ಉಣ್ಣದ ಮನೆ ಈ ಸೀಮೆಯಲ್ಲಿ ಇರಲಾರದು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ‘ಹಿಬಿಸ್ಕಸ್ ಕ್ಯಾನಬಿನಸ್’, ದಾಸವಾಳದ ಕುಲ. ಮರಾಠಿಯವರಿಗೆ ಅಂಬಾಡಿ. ಅದರ ಸೋದರಿಯಾದ ಕೆಂಪು ಪುಂಡಿಯನ್ನೂ ಸೇರಿಸಿ ನಾರಿನ ವ್ಯಾಪಾರಿಗಳು ‘ಮೆಸ್ತಾ’ ಎನ್ನುತ್ತಾರೆ. ಆಂಗ್ಲರು ಇದಕ್ಕೆ ದಕ್ಖಣದ ಹೆಸರನ್ನೇ ಕೊಟ್ಟು ‘ಡೆಕ್ಕನ್ ಹೆಂಪ್’ ಎಂದರು. ಇಂದು ಜಗತ್ತಿನ ಮಾರುಕಟ್ಟೆಯಲ್ಲಿ ಪ್ರಚಲಿತವಾಗಿರುವ ಹೆಸರು ‘ಕೆನಾಫ್’. ಎಲೆ ಪಲ್ಯಕ್ಕೆ, ಕಟ್ಟಿಗೆ ಒಲೆಗೆ, ತೊಗಟೆಯ ನಾರು ಹಗ್ಗಕ್ಕೆ. ಎತ್ತಿನ ಕಣ್ಣಿ, ಬಾವಿಯ ಹಗ್ಗ, ಹೊರಸಿನ ಹೆಣಿಗೆ ಎಲ್ಲಕ್ಕೂ ಪುಂಡಿಯ ನಾರೇ ಆಧಾರವಾಗಿದ್ದ ಕಾಲವನ್ನು ಹಿರಿಯ ವಿದ್ಯಾರ್ಥಿಗಳು ಕಂಡಿದ್ದಾರೆ.

ಆಮೇಲೆ ಎರಡು ಬದಲಾವಣೆಗಳಾದವು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಹರಿದು ಸುರಪುರ, ಶಹಾಪುರದ ಎಷ್ಟೋ ಒಣಭೂಮಿ ಭತ್ತದ ಗದ್ದೆಯಾಯಿತು. ಜೋಳ ತೊಗರಿಗಳ ಸಾಲಿನ ನಡುವೆ ಇರುತ್ತಿದ್ದ ಪುಂಡಿಗೆ ಅಲ್ಲಿ ಎಡೆಯಿಲ್ಲವಾಯಿತು. ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಹಗ್ಗ ಅಗ್ಗವಾಗಿ ದೊರೆಯಿತು. ಪುಂಡಿ ಪಲ್ಯವಾಗಿ ಉಳಿಯಿತು, ನಾರಾಗಿ ಅಳಿಯುತ್ತ ಬಂದಿತು.

ಸೋಜಿಗವೆಂದರೆ, ಪುಂಡಿಯ ಹಗ್ಗವನ್ನು ಹೊರದೂಡಿದ ಹಗ್ಗಗಳಲ್ಲಿ ಬಹುಪಾಲು ಯಾವ ಪಾಲಿಪ್ರೊಪಿಲೀನಿನಿಂದ ಆದವೋ, ಅದೇ ಪಾಲಿಪ್ರೊಪಿಲೀನ್ ಕಾರಿನ ಬಾಗಿಲಿನಲ್ಲಿ ಪುಂಡಿಯೊಡನೆ ಸಮಪಾಲಿನಲ್ಲಿ ಕೂಡಿಕೊಂಡಿದೆ. 2000ದಲ್ಲಿ ಜಪಾನಿನ ಟೊಯೊಟಾ ಸಂಸ್ಥೆಯ ಸೆಲ್ಸಿಯರ್ ಕಾರಿನ ಬಾಗಿಲ ಒಳಫಲಕಕ್ಕೆ ಕೆನಾಫ್ ನಾರನ್ನು ಬಳಸಲಾಯಿತು. ಅದೇ ಬಳಗದ ಟೊಯೊಟಾ ಬೋಶೋಕು ಸಂಸ್ಥೆ ಈ ನಾರಿಗಾಗಿ ಇಂಡೋನೇಷ್ಯಾದಲ್ಲಿ ಕೃಷಿಯ ವ್ಯವಸ್ಥೆ ಮಾಡಿಕೊಂಡಿತು. ‘ಬೋಶೋಕು’ ಎಂದರೆ ನೂಲುವುದು ನೇಯುವುದು ಎಂದರ್ಥ. 1918ರಲ್ಲಿ ನೂಲಿನ ಗಿರಣಿಯಾಗಿ ಹುಟ್ಟಿದ ಮನೆತನದ ಸಂಸ್ಥೆಗೆ ನಾರಿನ ಗುಣ ತಿಳಿದಿದ್ದುದು ಆಶ್ಚರ್ಯವಲ್ಲ. ನಮ್ಮ ರಾಜ್ಯದ ಬಿಡದಿಯಲ್ಲಿ 1999ರ ಕೊನೆಗೆ ಕಾರು ತಯಾರಿಕೆ ಆರಂಭಿಸಿದ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯ ನೆರೆಯಲ್ಲಿ ಈ ಬೋಶೋಕು ಬಳಗವೂ ಆಸನ ಮತ್ತು ಒಳಹೊದಿಕೆಗಳನ್ನು ತಯಾರಿಸುತ್ತಿದೆ. ಅಮೆರಿಕದಲ್ಲಿ ಫೋರ್ಡ್ ಸಂಸ್ಥೆ ತನ್ನ 2013ರ ಎಸ್ಕೇಪ್ ಕಾರಿನ ಬಾಗಿಲಲ್ಲಿ ಕೆನಾಫನ್ನು ಬಳಸಿ, ಆ ಅಂಗದ ತೂಕವನ್ನು ನೂರಕ್ಕೆ 25ರಷ್ಟು ಇಳಿಸಿತು. ತೂಕ ಇಳಿದಷ್ಟೂ ಇಂಧನ ಉಳಿಯುವುದರಿಂದ ಕಾರಿನವರಿಗೆ ಇದು ಕೇವಲ ಪರಿಸರಪ್ರೇಮದ ಮಾತಲ್ಲ.

ಇದರ ತಯಾರಿಕೆಯ ಕ್ರಮ ಬೇರೆ. ಕತ್ತರಿಸಿ ಹಿಂಜಿದ ಪುಂಡಿನಾರು, ಪಾಲಿಪ್ರೊಪಿಲೀನಿನ ಎಳೆ, ಇವೆರಡನ್ನೂ ಅರ್ಧರ್ಧ ಬೆರೆಸಿ, ಮುಳ್ಳುಸೂಜಿಗಳಿಂದ ಚುಚ್ಚಿ ಚುಚ್ಚಿ ಕಂಬಳಿಯಂತಹ ಹಾಸನ್ನು ಮಾಡುತ್ತಾರೆ. ಹಾಸನ್ನು 200 ಡಿಗ್ರಿಯ ಹತ್ತಿರಕ್ಕೆ ಕಾಯಿಸಿದಾಗ ಪ್ಲಾಸ್ಟಿಕ್ಕಿನ ಎಳೆ ಕರಗುತ್ತದೆ, ನಾರು ಹಾಗೆಯೇ ಉಳಿಯುತ್ತದೆ. ಕೂಡಲೆ ತಣ್ಣನೆಯ ಅಚ್ಚಿನಲ್ಲಿಟ್ಟು ಒತ್ತಿದರೆ ಬಾಗಿಲಿನ ಆಕಾರದ ಗಟ್ಟಿ ಫಲಕವಾಗುತ್ತದೆ. ಇಲ್ಲಿ ಒತ್ತಡ ಕಡಿಮೆ, ಅಚ್ಚಿನ ವೆಚ್ಚವೂ ಕಡಿಮೆ. ಆದರೆ ಶಾಖದ ವಿಷಯದಲ್ಲಿ ಮಿತಿಯಿದೆ. 200 ಡಿಗ್ರಿಯನ್ನು ಮೀರಿ ಹೆಚ್ಚು ಹೊತ್ತು ಇಟ್ಟರೆ ನಾರು ಕಂದಿ, ಸುಟ್ಟ ವಾಸನೆ ಹಿಡಿಯುತ್ತದೆ.

ವಾಸನೆಯ ಮಾತು ಬಂದಿತು. ಪುಂಡಿಯನ್ನು ಹಳ್ಳದ ಮಡುವಿನಲ್ಲಿ ಕೊಳೆಹಾಕಿದಾಗ ಊರಿಗೆಲ್ಲ ಹರಡುತ್ತಿದ್ದ ನಾತವನ್ನು ಬಲ್ಲವರು ಬಲ್ಲರು. ಕಾರಿನ ಕಂಪನಿಯ ಪರೀಕ್ಷಾಲಯದಲ್ಲಿ ಒಳಹೊದಿಕೆಯ ತುಂಡನ್ನು ಮುಚ್ಚಿದ ಗಾಜಿನ ಭರಣಿಯಲ್ಲಿಟ್ಟು ಕಾಯಿಸಿ, ಕೆಲವರು ಮೂಸಿ ನೋಡಿ ಅಂಕ ಕೊಡುವ ಪದ್ಧತಿಯುಂಟು. ಇಷ್ಟೆಲ್ಲ ಯಂತ್ರಗಳಿರುವ ಉದ್ಯಮದಲ್ಲಿ ಕೊನೆಯ ತೀರ್ಪು ಮನುಷ್ಯನ ಮೂಗಿನದು. ನಿಂತ ನೀರಿನಲ್ಲಿ ಅಡ್ಡಾದಿಡ್ಡಿಯಾಗಿ ಕೊಳೆತ ನಾರು ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗಲಾರದು. ಬೆಂಕಿಯ ಪರೀಕ್ಷೆಯೂ ಇದೆ. ಅಮೆರಿಕದ ನಿಯಮದಂತೆ ಒಳಹೊದಿಕೆಯ ವಸ್ತುವಿಗೆ ಹತ್ತಿದ ಉರಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ಬೇಗ ಹರಡಕೂಡದು. ಭಾರತದಲ್ಲಿಯೂ ಇದಕ್ಕೆ ಪ್ರತ್ಯೇಕ ಮಾನಕವಿದೆ.

ನಮ್ಮ ಪುಂಡಿಗೂ ಕಾರಿನ ಬಾಗಿಲಿಗೂ ನಡುವಣ ನಿಜವಾದ ಅಂತರ ಇಲ್ಲಿಯೇ ಇರುವುದು. ಗಿಡದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಏಕರೂಪತೆಯಲ್ಲಿ. ಹೂಬಿಡುವ ಸಮಯಕ್ಕೆ ಕೊಯ್ದ ನಾರು ಮೃದು. ಬೀಜಕ್ಕೆ ಬಿಟ್ಟು ಕೊಯ್ದದ್ದು ಒರಟು. ಒಬ್ಬ ರೈತ ಹತ್ತು ದಿನ ಕೊಳೆಹಾಕಿ, ಇನ್ನೊಬ್ಬ ಇಪ್ಪತ್ತು ದಿನ ಬಿಟ್ಟರೆ ಒಂದೇ ಮೂಟೆಯಲ್ಲಿ ಎರಡು ಜಾತಿಯ ನಾರು ಸೇರುತ್ತದೆ. ಹಗ್ಗಕ್ಕೆ ಇದು ನಡೆಯುತ್ತಿತ್ತು, ಅಚ್ಚಿಗೆ ನಡೆಯದು. ಗಿಡದಿಂದ ಮೊದಲೇ ತೊಗಟೆಯ ಪಟ್ಟಿಯನ್ನು ಸುಲಿದು, ಅದನ್ನಷ್ಟೇ ತೊಟ್ಟಿಯ ಶುದ್ಧ ನೀರಿನಲ್ಲಿ ದಿನವೆಣಿಸಿ ಕೊಳೆಹಾಕುವ ವಿಧಾನದಿಂದ ನೀರೂ ಉಳಿಯುತ್ತದೆ, ನಾತವೂ ತಗ್ಗುತ್ತದೆ. ಪುಂಡಿಯನ್ನು ಹೊಲದಿಂದ ಕದಲಿಸಿದ ಕಾಲುವೆಯ ನೀರೇ ಈ ಕಾರ್ಯಕ್ಕೆ ಒದಗಬಲ್ಲದು.

ಆಶೆಗೆ ಅಳತೆಯಿರಲಿ. ಒಂದು ಕಾರಿನ ನಾಲ್ಕು ಬಾಗಿಲುಗಳಿಗೆ ಬೇಕಾಗುವ ನಾರು ಎರಡೂವರೆ ಕಿಲೋ ಎಂದು ಹಿಡಿಯೋಣ. ಒಂದು ಲಕ್ಷ ಕಾರುಗಳಿಗೆ 250 ಟನ್ನು. ಎಕರೆಗೆ ಅರ್ಧ ಟನ್ನು ಒಣನಾರು ಬಂದರೆ 500 ಎಕರೆ ಭೂಮಿ ಸಾಕು. ಪುಂಡಿಯೊಂದೇ ನಮ್ಮ ಜಿಲ್ಲೆಯನ್ನು ಉದ್ಧರಿಸುವುದೆಂದು ಭಾಷಣ ಮಾಡುವವರು ಈ ಲೆಕ್ಕವನ್ನು ನೋಡಬೇಕು. ಬೆಳೆಗಿಂತ ಹೆಚ್ಚಿನ ಗಳಿಕೆ ಇರುವುದು ಸುಲಿಯುವ, ಹಿಂಜುವ, ಅಳೆಯುವ, ಹಾಸು ನೇಯುವ, ಅಚ್ಚು ಕೊರೆಯುವ ಕೈಗಳಲ್ಲಿ. ಹಾಸನ್ನು ಮಾಡದೆ ಮೂಟೆಯನ್ನು ಮಾತ್ರ ಕಳಿಸಿದರೆ, ಹತ್ತಿಯಲ್ಲಿ ಆದದ್ದೇ ಪುಂಡಿಯಲ್ಲಿಯೂ ಆದೀತು: ಹೊಲ ನಮ್ಮದು, ಗಿರಣಿ ಬೇರೆಯವರದು.

ಈ ಮೂರು ತಾಲೂಕುಗಳಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ತರುಣರಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರೂ ಇದ್ದಾರೆಂಬುದು ಶಿಕ್ಷಕರಿಗೆ ಗೊತ್ತಿರುವ ಸಂಗತಿ. ಡೆನ್ಮಾರ್ಕ್ ಸರಕಾರದ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ ಈಗ ಕಲಬುರಗಿಯಲ್ಲಿಯೂ ಶಾಖೆಯಿದೆ. ಅಚ್ಚು ತಯಾರಿಕೆಯ ಡಿಪ್ಲೊಮಾಕ್ಕೆ ಎಸ್.ಎಸ್.ಎಲ್.ಸಿ. ಉತ್ತೀರ್ಣರಾದವರು ಅರ್ಹರು, ನಾಲ್ಕು ವರ್ಷಗಳ ಅಭ್ಯಾಸದಲ್ಲಿ ಕೊನೆಯ ವರ್ಷ ಕಾರ್ಖಾನೆಯಲ್ಲಿಯೇ ತರಬೇತಿ. ಅಲ್ಲಿ ಮೊದಲ ತಿಂಗಳುಗಳಲ್ಲಿ ಕೈಗೆ ಬರುವ ಸಾಧನಗಳು ಅರ, ವರ್ನಿಯರ್ ಕ್ಯಾಲಿಪರು, ಮೈಕ್ರೊಮೀಟರುಗಳು. ಮಿಲಿಮೀಟರಿನ ನೂರನೆಯ ಒಂದು ಪಾಲನ್ನು ಓದಲು ಬರುವ ಹುಡುಗನಿಗೂ ಬಾರದ ಹುಡುಗನಿಗೂ ಅಲ್ಲಿ ಮೊದಲ ದಿನದಿಂದಲೇ ಭೇದ ಕಾಣುತ್ತದೆ. ನಮ್ಮ ಪ್ರೌಢಶಾಲೆಗಳ ವಿಜ್ಞಾನ ಕೋಣೆಗಳಲ್ಲಿ ಆ ಉಪಕರಣಗಳು ಕಪಾಟಿನೊಳಗೆ ಬೀಗ ಹಾಕಿಕೊಂಡು ಕುಳಿತಿರುವುದೇ ಹೆಚ್ಚು. ಮಹಾದ್ವಾರಕ್ಕೂ ಸಭಾಮಂಟಪಕ್ಕೂ ಉದಾರವಾಗಿ ನೀಡುವ ದಾನಿಗಳು ಒಂದು ಚಿಕ್ಕ ಅಳತೆಯ ಕೋಣೆಗೆ ಮನಸ್ಸು ಮಾಡಬಹುದೇನೋ. ಹತ್ತು ವರ್ನಿಯರ್ ಕ್ಯಾಲಿಪರು, ನಾಲ್ಕು ಮೈಕ್ರೊಮೀಟರು, ನಾರನ್ನು ತೂಗುವುದಕ್ಕೊಂದು ಸೂಕ್ಷ್ಮ ತಕ್ಕಡಿ. ತೂಗುವುದಕ್ಕೆ ಬೇಕಾದ ಪುಂಡಿ ಮುಂಗಾರಿನಲ್ಲಿ ಬಿತ್ತಿದರೆ ಗೌರಿ ಹುಣ್ಣಿಮೆಯ ಹೊತ್ತಿಗೆ ಶಾಲೆಯ ಹಿತ್ತಲಿನಲ್ಲಿಯೇ ಕೊಯ್ಲಿಗೆ ಬರುತ್ತದೆ.