ಅಗ್ಗದ ಚಾಕು: ಹೆಸರೋ, ಹದವೋ?

ಡಿಸೆಂಬರಿನಲ್ಲಿ ಮಾಣಿಕನಗರದ ದತ್ತಜಯಂತಿ; ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆ. ದೇವರ ದರ್ಶನ ಮುಗಿಸಿ, ಬಳೆಯ ಅಂಗಡಿಗಳನ್ನು ದಾಟಿ ಪಾತ್ರೆಗಳ ಸಾಲಿಗೆ ಬಂದ ಗೃಹಿಣಿಯ ಕೈ ಚಾಕುಗಳ ರಾಶಿಯತ್ತ ಹೋಗುವುದು ಸಹಜ. ಕೆಂಪು, ಹಸಿರು, ಹಳದಿಯ ಹಿಡಿಗಳು. ಕನ್ನಡಿಯಂತೆ ಹೊಳೆಯುವ ಅಲಗುಗಳು. ಅಲಗಿನ ಮೇಲೆ ಜರ್ಮನಿಯನ್ನೋ ಜಪಾನನ್ನೋ ನೆನಪಿಗೆ ತರುವ ಒಂದು ಹೆಸರು. ಬೆಲೆ 50 ರೂಪಾಯಿಯ ಒಳಗೆ. “ಚಲೋ ಅದನಪ್ಪ?” ಎಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: “ಕಂಪನಿ ಮಾಲ್ ಅದ ಅಕ್ಕಾ, ತಗೋರಿ!”

ಆ ಕಂಪನಿ ಯಾವುದು? ಬಿಡಿಯಾಗಿ ರಾಶಿ ಹಾಕಿ ಮಾರುವ ಚಾಕುವಿನಲ್ಲಿ ಇದಕ್ಕೆ ಉತ್ತರ ದೊರೆಯುವುದಿಲ್ಲ. ಒಂದೇ ಕಡೆ ತಯಾರಾದ ಅಲಗಿಗೆ ಬೇರೆ ಬೇರೆ ಹೆಸರುಗಳನ್ನು ಒತ್ತುವುದು ವ್ಯಾಪಾರದಲ್ಲಿ ಹೊಸತೇನೂ ಅಲ್ಲ. ಪೊಟ್ಟಣದಲ್ಲಿಟ್ಟು ಮಾರುವ ಸರಕಿನ ಮೇಲಾದರೆ ತಯಾರಕರ ಹೆಸರು, ವಿಳಾಸ ಹಾಗೂ ಗರಿಷ್ಠ ಮಾರಾಟ ಬೆಲೆ ಮುದ್ರಿತವಾಗಿರಬೇಕೆಂದು 2011ರಲ್ಲಿ ಜಾರಿಗೆ ಬಂದ ನಿಯಮಗಳು ವಿಧಿಸುತ್ತವೆ. ವಿಳಾಸವಿರುವ ಚಾಕುವನ್ನು ಕೊಂಡವರಿಗೆ ದೂರು ಹೇಳಿಕೊಳ್ಳಲು ಒಂದು ಬಾಗಿಲಾದರೂ ಉಂಟು. ಅದಕ್ಕಿಂತ ಹೆಚ್ಚಿನ ಭರವಸೆಯನ್ನು ಹೆಸರಿನಿಂದ ನಿರೀಕ್ಷಿಸುವುದು ಸಾಧುವಲ್ಲ. ಚಾಕುವಿನ ಗುಣವಿರುವುದು ಅದರ ಲೋಹದಲ್ಲಿ; ಲೋಹಕ್ಕಿಂತಲೂ ಮಿಗಿಲಾಗಿ ಅದಕ್ಕೆ ಕೊಟ್ಟ ಹದದಲ್ಲಿ.

ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಸಿದ್ಧಪಡಿಸಿದ. ಆತ ಹುಡುಕುತ್ತಿದ್ದುದು ಬಂದೂಕದ ನಳಿಗೆ ಸವೆಯದಂತೆ ಮಾಡುವ ಉಪಾಯವನ್ನು. ದೊರೆತದ್ದು ಅಡಿಗೆಮನೆಯ ಭಾಗ್ಯ! ಆದರೆ ಆ ಊರಿನ ಚಾಕು ತಯಾರಕರು ಮೊದಮೊದಲು ಅವನನ್ನು ‘ಕತ್ತರಿಸದ ಚಾಕುವಿನ ಜನಕ’ನೆಂದು ಗೇಲಿ ಮಾಡಿದರಂತೆ. ಆ ಗೇಲಿಯಲ್ಲಿ ಇಂದಿಗೂ ಸ್ವಲ್ಪ ಸತ್ಯ ಉಳಿದಿದೆ. ಅಗ್ಗದ ಸ್ಟೀಲ್ ಚಾಕುವಿನಲ್ಲಿ ಸಾಮಾನ್ಯವಾಗಿ ಶೇಕಡ 12-14ರಷ್ಟು ಕ್ರೋಮಿಯಂ ಇದ್ದು, ಅಲಗಿಗೆ ಗಡಸುತನ ಕೊಡುವ ಇಂಗಾಲ ಶೇಕಡ 0.3ರ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಅದು ನಿಂಬೆಹಣ್ಣಿಗೂ ಹುಣಿಸೆಗೂ ಹೆದರುವುದಿಲ್ಲ. ಆದರೆ ಬಾಯಿ ಬೇಗ ಮೊಂಡಾಗುತ್ತದೆ. ಇದು ಮೋಸವಲ್ಲ, ಆ ಉಕ್ಕಿನ ಸ್ವಭಾವ. ಮೆತ್ತಗಿನ ಉಕ್ಕಿಗೆ ಒಂದು ಸದ್ಗುಣವೂ ಇದೆ: ಮಸೆದರೆ ಅಷ್ಟೇ ಬೇಗ ಹರಿತವಾಗುತ್ತದೆ.

ನಿಜವಾದ ಮೋಸವಿರುವುದು ಬೇರೆಡೆ. ಊಟದ ತಟ್ಟೆ, ಲೋಟಗಳಿಗೆ ಬಳಸುವ, ಶೇಕಡ 18 ಕ್ರೋಮಿಯಂ ಹಾಗೂ 8 ನಿಕ್ಕಲ್ ಇರುವ ಜಾತಿಯ ಉಕ್ಕು ಕಾಯಿಸಿ ಅದ್ದಿದರೆ ಗಡಸಾಗುವುದಿಲ್ಲ. ಅಂಥ ತಗಡಿನಿಂದ ಕತ್ತರಿಸಿದ ಅಲಗು ಎಷ್ಟು ಹೊಳೆದರೂ ಚಾಕುವಾಗಲಾರದು. ಇದನ್ನು ಪತ್ತೆಹಚ್ಚಲು ಮಕ್ಕಳ ಆಟಿಕೆಯ ಅಯಸ್ಕಾಂತವೊಂದು ಸಾಕು. ಅಲಗು ಅಯಸ್ಕಾಂತಕ್ಕೆ ಅಂಟದಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಅಂಟಿದ ಮಾತ್ರಕ್ಕೆ ಒಳ್ಳೆಯದೆಂದು ತೀರ್ಮಾನಿಸುವಂತೆಯೂ ಇಲ್ಲ. ಹದ ಕೊಟ್ಟಿದ್ದಾರೋ ಇಲ್ಲವೋ ಎಂಬುದು ಅಯಸ್ಕಾಂತಕ್ಕೆ ತಿಳಿಯದು. ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿದರೆ ಸೊಟ್ಟ ಕಾಣುತ್ತದೆ. ಹಿಡಿಗೂ ಅಲಗಿಗೂ ನಡುವೆ ಸಂದಿ ಇದ್ದರೆ ಅಲ್ಲಿ ನೀರು, ಕೊಳೆ ಸೇರುವುದು ಖಂಡಿತ. ಅಲಗು ಹಿಡಿಯೊಳಗೆ ಒಂದು ಅಂಗುಲ ಮಾತ್ರ ಹೋಗಿದ್ದರೆ ಕುಂಬಳಕಾಯಿಯ ದಿನ ಅದರ ಬಣ್ಣ ಬಯಲಾಗುತ್ತದೆ.

ಆದರೆ ಅಂಗಡಿಯಲ್ಲಿ ಮಾಡಲಾಗದ ಪರೀಕ್ಷೆಯೇ ಎಲ್ಲಕ್ಕಿಂತ ದೊಡ್ಡದು. ಹೊಸ ಚಾಕು ಹಣ್ಣಾದ ಟೊಮೇಟೊ ಮೇಲೆ ಸಲೀಸಾಗಿ ಇಳಿಯುತ್ತದೆ. ಕಾರ್ಖಾನೆಯ ಸಾಣೆ ಅಷ್ಟನ್ನು ಯಾವ ತಗಡಿಗಾದರೂ ಕೊಟ್ಟೀತು. ತಿಂಗಳು ಬಳಸಿ, ಬಾಯಿ ಮೊಂಡಾದ ಮೇಲೆ ಪಿಂಗಾಣಿ ಬಟ್ಟಲಿನ ತಳದ ಒರಟು ಅಂಚಿಗೆ ಎರಡೂ ಬದಿ ಓರೆಯಾಗಿ ಹತ್ತು ಹತ್ತು ಸಲ ಉಜ್ಜಿ ನೋಡಬೇಕು. ಹರಿತ ಮರಳಿ ಬಂದು ಒಂದೆರಡು ವಾರ ನಿಂತರೆ 40 ರೂಪಾಯಿ ಸಾರ್ಥಕ. ಬಂದ ಹರಿತ ಮರುದಿನವೇ ಮಾಯವಾದರೆ ಅದರಲ್ಲಿ ಹದವಿಲ್ಲ. ಬಹುತೇಕ ಮನೆಗಳಲ್ಲಿ ಈ ಪರೀಕ್ಷೆ ನಡೆಯುವುದೇ ಇಲ್ಲ. ಮೊಂಡಾದ ಚಾಕುವನ್ನು ಒತ್ತಿ ಒತ್ತಿ ಹೆಚ್ಚುತ್ತಾರೆ. ಅದು ಜಾರಿ ಬೆರಳಿಗೆ ತಾಗುತ್ತದೆ. ಮುಂದಿನ ಜಾತ್ರೆಯಲ್ಲಿ ಮತ್ತೊಂದು ಬರುತ್ತದೆ. ಆರು ತಿಂಗಳಿಗೊಂದು ಚಾಕುವೆಂದು ಲೆಕ್ಕ ಹಿಡಿದರೆ ಹತ್ತು ವರ್ಷಕ್ಕೆ 20 ಚಾಕು, 800 ರೂಪಾಯಿ. ಅಗ್ಗವೆಂದು ತಂದದ್ದರ ಬೆಲೆ ಇದು!

ಹೈದರಾಬಾದ್-ಸೋಲಾಪುರ ಹೆದ್ದಾರಿಯಲ್ಲಿ ಬಸವಕಲ್ಯಾಣಕ್ಕೆ ತಿರುಗುವ ಕೂಡುರಸ್ತೆ ಸಸ್ತಾಪುರ ಬಂಗ್ಲಾ. ಉರ್ದುವಿನಲ್ಲಿ ‘ಸಸ್ತಾ’ ಎಂದರೆ ಅಗ್ಗ; ಊರಿನ ಹೆಸರಿಗೂ ಆ ಪದಕ್ಕೂ ನಂಟು ಕಲ್ಪಿಸಬೇಕಾಗಿಲ್ಲವಾದರೂ ಈ ಸಂದರ್ಭದಲ್ಲಿ ನಗು ಬಾರದಿರದು. ಹೆದ್ದಾರಿಯ ಲಾರಿಗಳ ಮುರಿದ ಸ್ಪ್ರಿಂಗ್ ಪಟ್ಟಿಯೇ ಇಂದು ಹಳ್ಳಿಯ ಕಂಬಾರನಿಗೂ, ಬಂಡಿಯಲ್ಲಿ ಸಂಸಾರ ಹೇರಿಕೊಂಡು ಊರೂರು ಅಲೆಯುವ ಘಿಸಾಡಿಗಳಿಗೂ ಒಳ್ಳೆಯ ಉಕ್ಕು. ಅದರಲ್ಲಿ ಇಂಗಾಲ ಶೇಕಡ 0.5-0.6ರಷ್ಟು, ಅಂದರೆ ಜಾತ್ರೆಯ ಚಾಕುವಿನ ಸುಮಾರು ಎರಡರಷ್ಟು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ಮತ್ತೆ ಕಾಯಿಸಿ ಅದ್ದಿದಾಗ ಅಲಗು ಗಾಜಿನಂತೆ ಪೆಡಸಾಗುತ್ತದೆ. ಅದನ್ನು ಪುನಃ ಹದವಾಗಿ ಬಿಸಿ ಮಾಡಿದಾಗ, ಉಜ್ಜಿದ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಮೂಡುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿನ ಗುರುತು ಅದು. ಕಂಬಾರನ ಬಳಿ ಉಷ್ಣಮಾಪಕವಿಲ್ಲ. ಬಣ್ಣವೇ ಅವನ ಮಾಪಕ.

ಈ ವಿದ್ಯೆಗೆ ಈ ನೆಲದಲ್ಲಿ ಹಿರಿಯ ಪರಂಪರೆಯಿದೆ. ಬಸವಕಲ್ಯಾಣ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಅದೇ ರಾಜ್ಯಕ್ಕೆ ಸೇರಿದ್ದ ನಿಜಾಮಾಬಾದ್ ಸೀಮೆಯ ಕೋನಸಮುದ್ರದಲ್ಲಿ ಮೂಸೆಯಲ್ಲಿ ಕರಗಿಸಿದ ಉಕ್ಕನ್ನು ಕೊಳ್ಳಲು ಪರ್ಷಿಯದ ವರ್ತಕರು ಬರುತ್ತಿದ್ದುದು 19ನೆಯ ಶತಮಾನದ ಬರಹಗಳಲ್ಲಿ ದಾಖಲಾಗಿದೆ. ಕನ್ನಡ, ತೆಲುಗುಗಳೆರಡರಲ್ಲಿಯೂ ಇರುವ ‘ಉಕ್ಕು’ ಎಂಬ ಮಾತೇ ಇಂಗ್ಲಿಷರ ಬಾಯಲ್ಲಿ ‘ವೂಟ್ಜ್’ ಆಯಿತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಮಂಡಿಸಿದ. ಕಾಲು ಶತಮಾನದ ಬಳಿಕ ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕನೊಡನೆ ಕೂಡಿ ಅದರ ಗುಟ್ಟನ್ನು ಅರಸಿದವನು ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಮಹಾಪುರುಷನೆಂದು ಮಕ್ಕಳು ಓದುವ ಈ ಫ್ಯಾರಡೆಯೂ ಕಮ್ಮಾರನ ಮಗನೇ!

ಹಾಗೆಂದು ಕಂಬಾರನ ಚಾಕುವೇ ಎಲ್ಲ ಮನೆಗೂ ಸರಿ ಎನ್ನುವಂತಿಲ್ಲ. ಮಾವಿನಕಾಯಿ ಹೆಚ್ಚಿ ಹಾಗೆಯೇ ಇಟ್ಟರೆ ಅದು ಕಪ್ಪಾಗುತ್ತದೆ. ಮಳೆಗಾಲದಲ್ಲಿ ಒರಸಿ ಎಣ್ಣೆ ಸವರದಿದ್ದರೆ ತುಕ್ಕು ಹಿಡಿಯುತ್ತದೆ. ಕೆಲಸದ ಅವಸರದಲ್ಲಿ ಸಿಂಕಿನೊಳಗೆ ಬಿಟ್ಟುಹೋಗುವ ಮನೆಗೆ 40 ರೂಪಾಯಿಯ ಸ್ಟೀಲ್ ಚಾಕುವೇ ಹೊಂದುತ್ತದೆ, ಜೊತೆಗೊಂದು ಸಾಣೆಕಲ್ಲನ್ನೂ ತಂದರೆ. ತೆಂಗು, ಕುಂಬಳ, ಹಲಸಿನಂಥ ಗಟ್ಟಿ ಕೆಲಸಕ್ಕೆ ಮಾತ್ರ ಕುಲುಮೆಯ ಅಲಗೇ ಮೇಲು.

ಟ್ರ್ಯಾಕ್ಟರು ಬಂದ ಮೇಲೆ ನೇಗಿಲು, ಕುಂಟೆಗಳ ಕೆಲಸ ಕಂಬಾರನಿಗೆ ಕಡಿಮೆಯಾಗಿದೆ; ಕುಡುಗೋಲು, ಕೊಡಲಿ, ಈಳಿಗೆ, ಚಾಕುಗಳೇ ಈಗ ಅವನ ಕುಲುಮೆಯನ್ನು ಆರದಂತೆ ಕಾಪಾಡುತ್ತಿರುವುದು. ಅವನು ಅಲಗಿನ ಮೇಲೆ ಹೆಸರು ಒತ್ತುವುದಿಲ್ಲ. ಬಾಯಿ ಬಾಗಿತೆಂದೋ ಮುಕ್ಕಾಯಿತೆಂದೋ ಮುಂದಿನ ಸಂತೆಯ ದಿನ ಚಾಕುವನ್ನು ತಂದು ಅವನೆದುರಿಗೆ ಇಟ್ಟರೆ, ಬೆರಳಿನಿಂದ ಒಮ್ಮೆ ಸವರಿ ನೋಡಿ, ಮರುಮಾತಿಲ್ಲದೆ ಮತ್ತೆ ಬೆಂಕಿಗೆ ಹಾಕುತ್ತಾನೆ.