ಭಯೋತ್ಪಾದನಾ ಪ್ರಕರಣಗಳಲ್ಲಿ ಬಂಧನ: ಕಾಲಮಿತಿ ಮತ್ತು ಬಂಧಿತರ ಹಕ್ಕುಗಳು

ಭಯೋತ್ಪಾದನೆಯ ಆರೋಪದ ಮೇಲೆ ದಸ್ತಗಿರಿಯಾದ ವ್ಯಕ್ತಿಗೆ ಯಾವ ಹಕ್ಕೂ ಉಳಿಯುವುದಿಲ್ಲವೆಂಬ ಭಾವನೆ ಸಾರ್ವಜನಿಕರಲ್ಲಿದೆ. ಇದು ಸರಿಯಲ್ಲ. 1987ರ ಟಾಡಾ ಮತ್ತು 2002ರ ಪೋಟಾ ಕಾಯ್ದೆಗಳಡಿ ಹಿರಿಯ ಪೊಲೀಸ್ ಅಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಪರಿಗಣಿಸಲಾಗುತ್ತಿತ್ತು. ಟಾಡಾ 1995ರಲ್ಲಿ ಕೊನೆಗೊಂಡಿತು. ಪೋಟಾವನ್ನು 2004ರಲ್ಲಿ ನಿರಸನಗೊಳಿಸಲಾಯಿತು. ಈಗ ಜಾರಿಯಲ್ಲಿರುವ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಅಧಿನಿಯಮ, 1967ರಲ್ಲಿ ಅಂತಹ ಉಪಬಂಧವಿಲ್ಲ.

ಸಂವಿಧಾನದ 22ನೆಯ ಅನುಚ್ಛೇದದಂತೆ, ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸತಕ್ಕದ್ದು. ತನ್ನ ಆಯ್ಕೆಯ ವಕೀಲರನ್ನು ಭೇಟಿಯಾಗುವ ಹಕ್ಕು ಅವನಿಗಿದೆ. ಬಂಧನದ ವಿಷಯವನ್ನು ಬಂಧುಗಳಿಗೆ ತಿಳಿಸತಕ್ಕದ್ದು. ವೈದ್ಯಕೀಯ ಪರೀಕ್ಷೆ ಮಾಡಿಸತಕ್ಕದ್ದು. ಈ ಅಧಿನಿಯಮದಡಿಯ ಬಂಧನದಲ್ಲೂ ಕಾರಣಗಳನ್ನು ಲಿಖಿತವಾಗಿ ನೀಡಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ತೀರ್ಪಿತ್ತಿದೆ. ವಿಚಾರಣೆಯ ನೆಪದಲ್ಲಿ ಹಿಂಸೆ ನೀಡಲು ಯಾವ ಕಾಯ್ದೆಯಲ್ಲೂ ಅವಕಾಶವಿಲ್ಲ.

ಕುಟುಂಬದವರು ಮುಖ್ಯವಾಗಿ ಗಮನಿಸಬೇಕಾದುದು ದಿನಗಳ ಲೆಕ್ಕ. ಸಾಮಾನ್ಯ ಕಾನೂನಿನಡಿ ಪೊಲೀಸ್ ಅಭಿರಕ್ಷೆ ಗರಿಷ್ಠ 15 ದಿನ. ಇಲ್ಲಿ 30 ದಿನ. ದೋಷಾರೋಪಣಾ ಪಟ್ಟಿ ಸಲ್ಲಿಸಲು 90 ದಿನಗಳ ಅವಧಿಯಿದ್ದು, ಅದನ್ನು 180 ದಿನಗಳವರೆಗೆ ವಿಸ್ತರಿಸಬಹುದು. ಆದರೆ ಈ ವಿಸ್ತರಣೆ ತಾನಾಗಿ ದೊರೆಯುವುದಲ್ಲ. ತನಿಖೆಯ ಪ್ರಗತಿಯನ್ನೂ ಬಂಧನ ಮುಂದುವರಿಸಲು ನಿರ್ದಿಷ್ಟ ಕಾರಣಗಳನ್ನೂ ತಿಳಿಸುವ ಸರ್ಕಾರಿ ಅಭಿಯೋಜಕರ ವರದಿಯು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು.

ಅವಧಿಯನ್ನು ದಸ್ತಗಿರಿಯ ದಿನದಿಂದಲ್ಲ, ಮೊದಲ ರಿಮ್ಯಾಂಡ್ ಆದೇಶದ ದಿನದಿಂದ, ಆ ದಿನವನ್ನೂ ಸೇರಿಸಿ ಎಣಿಸಬೇಕೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದೆ. ಫೆಬ್ರವರಿಯಲ್ಲಿ 28 ದಿನಗಳಿರುವ ವರ್ಷದ ಜನವರಿ 1ರಂದು ರಿಮ್ಯಾಂಡ್ ಆದರೆ 90ನೆಯ ದಿನ ಮಾರ್ಚ್ 31. ಅಷ್ಟರೊಳಗೆ ದೋಷಾರೋಪಣಾ ಪಟ್ಟಿಯಾಗಲಿ ವಿಸ್ತರಣೆಯ ಆದೇಶವಾಗಲಿ ಬಾರದಿದ್ದಲ್ಲಿ ಏಪ್ರಿಲ್ 1ರಂದು ಜಾಮೀನಿನ ಹಕ್ಕು ಹುಟ್ಟುತ್ತದೆ. ಜಾಮೀನನ್ನು ಕೇಳಿಯೇ ಪಡೆಯಬೇಕು. ಕೇಳುವ ಮೊದಲೇ ಪಟ್ಟಿ ಸಲ್ಲಿಕೆಯಾದರೆ ಈ ಹಕ್ಕು ಇಲ್ಲವಾಗುತ್ತದೆ. ಕಚೇರಿಯ ಲೆಕ್ಕಪತ್ರದಲ್ಲಿ ತಪ್ಪಿದ ಒಂದು ರೂಪಾಯಿಯನ್ನು ಮರುದಿನ ಸರಿಪಡಿಸಬಹುದು. ಈ ಲೆಕ್ಕದಲ್ಲಿ ಹಾಗಾಗದು.

ಅನಂತರ ಉಳಿಯುವುದು ಸಾಮಾನ್ಯ ಜಾಮೀನಿನ ದಾರಿ. ಆರೋಪವು ಮೇಲ್ನೋಟಕ್ಕೆ ನಿಜವೆಂದು ಕಂಡುಬಂದಲ್ಲಿ ಜಾಮೀನು ನೀಡುವಂತಿಲ್ಲವಾದ್ದರಿಂದ ಅದು ಕಠಿಣ. ವಿಚಾರಣೆ ಮುಗಿಯುವ ಸಂಭವವಿಲ್ಲದೆ ಬಂಧನ ಬಹುಕಾಲ ಮುಂದುವರಿದಲ್ಲಿ ಸಾಂವಿಧಾನಿಕ ನ್ಯಾಯಾಲಯಗಳು ಜಾಮೀನು ನೀಡಬಹುದೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ.

ವಕೀಲರನ್ನು ನೇಮಿಸಿಕೊಳ್ಳಲು ಶಕ್ತರಲ್ಲದವರು ಜಿಲ್ಲಾ ಅಥವಾ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ಬಂಧನದಲ್ಲಿರುವವರಿಗೆ ಈ ನೆರವು ಉಚಿತ; ಆದಾಯ ಪ್ರಮಾಣಪತ್ರ ಬೇಕಾಗಿಲ್ಲ. ರಿಮ್ಯಾಂಡ್ ಆದೇಶದ ಪ್ರತಿಯನ್ನು ಜೊತೆಗೆ ಒಯ್ಯುವುದು ಸೂಕ್ತ.