ಮುಟ್ಟಿ ನೋಡುವ ಸೂಕ್ಷ್ಮದರ್ಶಕ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನನ್ನ ಕೆಲಸದ ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ವಸ್ತುಗಳ ಮೇಲ್ಮೈಯಲ್ಲಿ ಅಡಗಿರುವ ಅತ್ಯಲ್ಪ ಬಲಗಳನ್ನು ಅಳೆಯುವುದು ನನ್ನ ವೃತ್ತಿ. ಅದರ ಮೊದಲ ಪಾಠ ನನಗೆ ದೊರೆತದ್ದು ಮಿರಜದ ಸಿತಾರು ಮಾಡುವವರ ಓಣಿಯಲ್ಲಿ ಎಂದರೆ ಅತಿಶಯೋಕ್ತಿಯಾಗದು.

ಶಾಲೆ ಬಿಟ್ಟ ಬಳಿಕ ಆ ಅಂಗಡಿಗಳ ಮುಂದೆ ನಿಲ್ಲುವುದು ನನ್ನ ರೂಢಿಯಾಗಿತ್ತು. ತಾನಪುರಾದ ತಂತಿಗಳನ್ನು ಹೊತ್ತ ಕುದುರೆಯನ್ನು ಕುಶಲಕರ್ಮಿಗಳು ಅರದಿಂದ ಕೊಂಚಕೊಂಚವೇ ತಿಕ್ಕಿ ನಯವಾದ ಬಾಗು ಕೊಡುತ್ತಿದ್ದರು. ಆಮೇಲೆ ತಂತಿಯ ಕೆಳಗೆ ನೂಲಿನ ಎಳೆಯೊಂದನ್ನಿಟ್ಟು ಹಿಂದೆ ಮುಂದೆ ಸರಿಸುತ್ತಿದ್ದರು. ಒಂದು ನೆಲೆಯಲ್ಲಿ ಸಪ್ಪೆ ನಾದವು ಒಮ್ಮೆಲೇ ತುಂಬಿಕೊಳ್ಳುತ್ತಿತ್ತು. ಇದೇ ಜವಾರಿ. ಕಂಪಿಸುವ ತಂತಿಯು ಕುದುರೆಯ ಮೇಲ್ಮೈಯನ್ನು ಸವರಿ ಸವರಿ ಬಿಡುವುದರಿಂದ ಉಪಸ್ವರಗಳು ಮೇಳೈಸುತ್ತವೆ. ಸಿ. ವಿ. ರಾಮನ್ ಅವರು 1921ರಲ್ಲಿಯೇ ಈ ವಿಷಯವಾಗಿ ಸಂಶೋಧನ ಲೇಖನ ಪ್ರಕಟಿಸಿದ್ದರು. ಮಿರಜದ ಸಿತಾರು, ತಾನಪುರಾಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಕಣ್ಣಿಗೆ ಕಾಣದ ಏರುತಗ್ಗನ್ನು ಹಗುರಾದ ಸ್ಪರ್ಶವು ತಿಳಿಸಬಲ್ಲುದು. ಪರಮಾಣು ಬಲ ಸೂಕ್ಷ್ಮದರ್ಶಕದ ತತ್ತ್ವವೂ ಇದೇ. 1986ರಲ್ಲಿ ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್ ಮತ್ತು ಕ್ರಿಸ್ಟೋಫ್ ಗರ್ಬರ್ ಇದನ್ನು ಜಗತ್ತಿನ ಮುಂದಿಟ್ಟರು. ಅವರ ಮೊದಲ ಉಪಕರಣದಲ್ಲಿ ಚಿನ್ನದ ತಗಡಿನ ಚೂರಿಗೆ ವಜ್ರದ ಮೊನೆಯನ್ನು ಅಂಟಿಸಲಾಗಿತ್ತು. ಇಂದು ಸಿಲಿಕಾನ್‌ನ ಪುಟ್ಟ ಪಟ್ಟಿಯನ್ನು ಬಳಸುತ್ತೇವೆ. ಅದರ ಒಂದು ತುದಿ ಬಿಗಿಯಾಗಿದ್ದು, ಇನ್ನೊಂದು ತುದಿಯ ಕೆಳಗೆ ಸುಮಾರು 10 ನ್ಯಾನೋಮೀಟರ್ ತ್ರಿಜ್ಯದ ಮೊನೆಯಿರುತ್ತದೆ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೋಮೀಟರ್.

ಮೊನೆಯು ಮೇಲ್ಮೈಯನ್ನು ಸಮೀಪಿಸಿದಾಗ ಪರಮಾಣುಗಳು ಅದನ್ನು ಸೆಳೆಯುತ್ತವೆ. ತೀರ ಹತ್ತಿರವಾದಾಗ ದೂಡುತ್ತವೆ. ಮಳೆಗಾಲದ ತೇವಗಾಳಿಯಲ್ಲಿ ನಡುವೆ ನೀರಿನ ಸೂಕ್ಷ್ಮ ಸೇತುವೆ ಮೂಡಿ ಸೆಳೆತ ಇನ್ನೂ ಹೆಚ್ಚುತ್ತದೆ. ಪಟ್ಟಿಯು ಅದಕ್ಕೆ ತಕ್ಕಂತೆ ಬಾಗುತ್ತದೆ. ಅದರ ಬೆನ್ನಿಗೆ ಲೇಸರ್ ಕಿರಣ ಬಿಟ್ಟು ಪ್ರತಿಫಲನವನ್ನು ದೂರದಲ್ಲಿ ಹಿಡಿಯುತ್ತೇವೆ. ಕೈಗನ್ನಡಿಯನ್ನು ತುಸು ಓರೆ ಮಾಡಿದರೆ ಗೋಡೆಯ ಮೇಲಿನ ಬಿಸಿಲು ಮಾರುದ್ದ ಜರುಗುವುದಿಲ್ಲವೇ? ಹಾಗೆಯೇ.

ಇನ್ನು ಲೆಕ್ಕ ಸುಲಭ. ಸ್ಪ್ರಿಂಗ್ ಬಾಗಿದಷ್ಟೂ ಬಲ ಹೆಚ್ಚೆಂಬ ಹುಕ್‌ನ ನಿಯಮವನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಪಟ್ಟಿಯ ಬಿಗುವು ಮೀಟರಿಗೆ 0.1 ನ್ಯೂಟನ್ ಇದ್ದರೆ, 10 ನ್ಯಾನೋಮೀಟರ್ ಬಾಗಿದಾಗ ಬಲ 1 ನ್ಯಾನೋನ್ಯೂಟನ್. ಒಂದು ಮಿಲಿಗ್ರಾಂ ಮರಳಿನ ಕಣದ ಭಾರದಲ್ಲಿ ಇದು ಹತ್ತು ಸಾವಿರದಲ್ಲೊಂದು ಭಾಗ! ಪಟ್ಟಿಯ ಬಿಗುವನ್ನು ತಿಳಿಯುವ ಬಗೆಯೂ ಸ್ವಾರಸ್ಯಕರ. ಯಾರೂ ಮುಟ್ಟದಿದ್ದರೂ ಕೋಣೆಯ ಉಷ್ಣದಿಂದಲೇ ಅದು ಸುಮಾರು 0.2 ನ್ಯಾನೋಮೀಟರಿನಷ್ಟು ನಡುಗುತ್ತಿರುತ್ತದೆ. ಮೆತ್ತಗಿನ ಪಟ್ಟಿ ಹೆಚ್ಚು ನಡುಗುತ್ತದೆ, ಬಿಗುವಿನದು ಕಡಿಮೆ. ಆ ನಡುಕವನ್ನು ಅಳೆದರೆ ಬಿಗುವು ತಿಳಿಯುತ್ತದೆ.

ಉಪಕರಣ ಇಷ್ಟು ಸೂಕ್ಷ್ಮವಾದರೂ ನಾನು ಒಮ್ಮೆ ಮೋಸಹೋದೆ. ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಒಂದು ತೆಳುಪದರದ ಮೇಲೆ ಒಂದೇ ಆಕಾರದ, ಒಂದೇ ದಿಕ್ಕಿಗೆ ಮುಖಮಾಡಿದ ತ್ರಿಕೋನಗಳು ಕಂಡವು. ಹೊಸದೇನನ್ನೋ ಕಂಡುಹಿಡಿದೆನೆಂದು ಎರಡು ತಿಂಗಳು ದುಡಿದು ಪ್ರಬಂಧವನ್ನೂ ಸಿದ್ಧಪಡಿಸಿದೆ. ಹಿರಿಯರೊಬ್ಬರು ಚಿತ್ರಗಳನ್ನು ನೋಡಿ, "ಮಾದರಿಯನ್ನು ತಿರುಗಿಸಿಟ್ಟು ನೋಡಿದ್ದೀಯಾ?" ಎಂದಷ್ಟೇ ಕೇಳಿದರು. ತಿರುಗಿಸಿದೆ, ತ್ರಿಕೋನಗಳು ತಿರುಗಲಿಲ್ಲ. ಅವು ಮೇಲ್ಮೈಯವಾಗಿರಲಿಲ್ಲ. ಮುರಿದಿದ್ದ ನನ್ನ ಮೊನೆಯ ಆಕಾರವೇ ಪ್ರತಿಯೊಂದು ಕಣದ ಮೇಲೂ ಮೂಡಿತ್ತು. ಪ್ರಬಂಧವನ್ನು ಹರಿದುಹಾಕಿದೆ.

ಅಂದು ರಾತ್ರಿ ಮಿರಜದ ಮುದುಕರೊಬ್ಬರು ನೆನಪಾದರು. ನಾದ ಕೆಟ್ಟಾಗ ಅವರು ಕುದುರೆಯ ಮೇಲೆ ಅರವಿಡುವ ಮುನ್ನ ತಂತಿಯನ್ನು ಬದಲಿಸಿ ಕೇಳುತ್ತಿದ್ದರು. ಮುಟ್ಟುವ ವಸ್ತು ಸರಿಯಿದೆಯೇ ಎಂದು ಮೊದಲು ನೋಡು, ಆಮೇಲೆ ಮುಟ್ಟಿಸಿಕೊಂಡದ್ದರ ವಿಚಾರ. ಅಂದಿನಿಂದ ಪ್ರತಿದಿನ, ಆಕಾರ ಮೊದಲೇ ತಿಳಿದಿರುವ ಮಾದರಿಯ ಮೇಲೆ ಮೊನೆಯನ್ನು ಪರೀಕ್ಷಿಸಿದ ಬಳಿಕವೇ ಕೆಲಸಕ್ಕೆ ತೊಡಗುತ್ತೇನೆ.

ಹುಕ್‌ನ ನಿಯಮವನ್ನು ಕನ್ನಡದಲ್ಲಿ ತಿಳಿಹೇಳಿದ ಗುರುಗಳಿಗೂ, ಮಾತಿಲ್ಲದೆ ಪಾಠ ಹೇಳಿದ ಆ ಓಣಿಗೂ ನನ್ನ ನಮನಗಳು. ಶಾಲೆಯು ಶತಮಾನೋತ್ಸವವನ್ನು ಕಾಣಲೆಂದು ಹಾರೈಸುತ್ತೇನೆ.